ವಕೀಲರು ಕೈಕೊಟ್ಟರು ಅನಿಸಿದಾಗ: ಮೊದಲು ಕೇಸ್ ಉಳಿಸಿ, ಆಮೇಲೆ ದೂರು ಕೊಡಿ

ಈ ವಾರದ ಮಾತನ್ನು ವಿಡಿಯೊದಲ್ಲಿ ಕೇಳೋಕೆ ಪುರುಸೊತ್ತು ಸಿಗದವರಿಗಾಗಿ ಇದು ಅದರ ಬರಹ ರೂಪ. ಮಾತಾಡುವಾಗ ಬಾಯಿಗೆ ಬಾರದ ಸೆಕ್ಷನ್ ನಂಬರುಗಳು, ಇಸವಿಗಳು ಇಲ್ಲಿ ಸೇರಿವೆ.

ಗಚ್ಚಿಬೌಲಿ, ಕೊಂಡಾಪುರ, ನಾನಕ್‌ರಾಮ್‌ಗುಡ ಕಡೆ ಇರೋ ನಮ್ಮ ಕನ್ನಡದವರಲ್ಲಿ ಒಂದು ವಿಷಯ ಸಾಮಾನ್ಯ. ನಾವಿರೋದು ಇಲ್ಲಿ, ಕೇಸ್ ಇರೋದು ಊರಲ್ಲಿ. ರಾಯಚೂರು, ಕಲಬುರಗಿ, ಬೀದರ್, ಬಳ್ಳಾರಿ ಕಡೆಯ ಯಾವುದೋ ತಾಲೂಕು ಕೋರ್ಟಿನಲ್ಲಿ ಹೊಲದ ಪಾಲಿನ ದಾವೆ, ಅಪ್ಪ ಕೊಟ್ಟ ಸಾಲದ ಚೆಕ್ ಬೌನ್ಸ್ ಕೇಸು, ಮನೆ ಬಿಡಿಸೋ ಕೇಸು. ಇಲ್ಲವೇ ಕೇಸ್ ಇಲ್ಲೇ ಇರುತ್ತೆ, ಫ್ಲಾಟಿನದ್ದೋ, ಬಿಲ್ಡರದ್ದೋ. ಎರಡರಲ್ಲೂ ನಾವು ಕೋರ್ಟಿಗೆ ಹೋಗೋದು ಅಪರೂಪ. "ವಕೀಲರು ನೋಡ್ಕೋತಾರೆ" ಅಂತ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಹೋಗಿಬಿಡ್ತೀವಿ. ಒಂದು ದಿನ ಕೇಸ್ ವಜಾ ಆಗಿದೆ ಅಂತ ಗೊತ್ತಾಗುತ್ತೆ. ಆಗ ಬರೋ ಪ್ರಶ್ನೆ ಒಂದೇ: "ಈ ವಕೀಲರ ಮೇಲೆ ಏನು ಮಾಡಬಹುದು?"

ನಾನು ವಕೀಲ ಅಲ್ಲ. ಎಂಟೆಕ್ ಮಾಡಿ ಕೋಡ್ ಬರೆಯೋನು. ಆದರೆ ನಮ್ಮ ಮನೆಯಲ್ಲೇ ಇಂಥದ್ದೊಂದು ಬಂದಾಗ ಕಾಯ್ದೆ, ತೀರ್ಪು ಎಲ್ಲ ಕೂತು ಓದಬೇಕಾಯ್ತು. ನಿಮ್ಮ ಕೇಸಿಗೆ ನಿಮ್ಮ ವಕೀಲರನ್ನೇ ಕೇಳಬೇಕು. ಏನು ಕೇಳಬೇಕು ಅನ್ನೋದು ಇದರಿಂದ ಗೊತ್ತಾದರೆ ಸಾಕು.

ಮೊದಲೇ ಒಂದು ಮಾತು. ಪ್ರೊಡಕ್ಷನ್ ಸರ್ವರ್ ಬಿದ್ದಾಗ ನಾವೇನು ಮಾಡ್ತೀವಿ? ಮೊದಲು ಸರ್ವಿಸ್ ಎಬ್ಬಿಸ್ತೀವಿ. ಯಾರ ತಪ್ಪು ಅನ್ನೋ ಚರ್ಚೆ ಆಮೇಲೆ. ಇಲ್ಲೂ ಅಷ್ಟೇ. ವಕೀಲರ ಮೇಲಿನ ದೂರಿಗೆ ತಿಂಗಳುಗಳ ಅವಕಾಶ ಇದೆ. ಕೇಸ್ ಉಳಿಸೋಕೆ ಸಾಮಾನ್ಯವಾಗಿ ಇರೋದು 30 ದಿನ.

ಸೋಲು ಬೇರೆ, ನಿರ್ಲಕ್ಷ್ಯ ಬೇರೆ

ಕೇಸ್ ಸೋತರೆ ವಕೀಲರು ನಿರ್ಲಕ್ಷ್ಯ ಮಾಡಿದರು ಅಂತ ಅಲ್ಲ. ಪ್ರತಿ ಕೇಸಿನಲ್ಲೂ ಒಬ್ಬರು ಸೋಲಲೇಬೇಕು. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ವೈದ್ಯರ ನಿರ್ಲಕ್ಷ್ಯದ ಬಗ್ಗೆ ಹೇಳುವಾಗ ಸುಪ್ರೀಂ ಕೋರ್ಟ್ ವಕೀಲರ ಉದಾಹರಣೆಯನ್ನೂ ಕೊಟ್ಟಿತು. ಗೆಲ್ಲಿಸಿಯೇ ಕೊಡ್ತೀನಿ ಅಂತ ಯಾವ ವಕೀಲರೂ ಭರವಸೆ ಕೊಡೋದಿಲ್ಲ. ಆ ಕೆಲಸಕ್ಕೆ ಬೇಕಾದ ಕೌಶಲ ನನಗಿದೆ, ಅದನ್ನು ಸಾಕಷ್ಟು ಎಚ್ಚರದಿಂದ ಬಳಸ್ತೀನಿ ಅನ್ನೋದಷ್ಟೇ ಅವರು ಕೊಡೋ ಮಾತು.

ಹಾಗಾಗಿ ನಿಮ್ಮ ಸಿಟ್ಟನ್ನು ಮೂರು ಡಬ್ಬಿಗಳಲ್ಲಿ ಬೇರೆ ಮಾಡಿ.

ಮೊದಲನೇದು, ಅಭಿಪ್ರಾಯದ ತಪ್ಪು. ಈ ಸಾಕ್ಷಿಯನ್ನು ಕರೆಯೋದು ಬೇಡ ಅಂದರು, ಆ ವಾದ ಹೂಡಲಿಲ್ಲ, ಕೊನೆಗೆ ಸೋತರು. ಇದಕ್ಕೆ ಮೇಲ್ಮನವಿ ಬಿಟ್ಟರೆ ಹೆಚ್ಚು ದಾರಿಗಳಿಲ್ಲ.

ಎರಡನೇದು, ಮಾಡಲೇಬೇಕಾದ ಕೆಲಸ ಮಾಡದೇ ಇರೋದು. ಚೆಕ್ ಬೌನ್ಸ್ ಕೇಸನ್ನೇ ತಗೊಳ್ಳಿ. ಹಣ ಇಲ್ಲ ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ಸಿಕ್ಕ ಮೇಲೆ ದುಡ್ಡು ಕೊಡೋಕೆ ಆ ಕಡೆಯವರಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ದೂರು ತಡವಾದರೆ ಸರಿಯಾದ ಕಾರಣ ತೋರಿಸಿ ಕೋರ್ಟಿನಿಂದ ಮಾಫಿ ಕೇಳಬಹುದು. ನೋಟಿಸಿನ 30 ದಿನ ತಪ್ಪಿದರೆ ಆ ದಾರಿಯೇ ಮುಚ್ಚುತ್ತೆ. ನೀವು ಕಾಗದಗಳನ್ನೆಲ್ಲ ಹತ್ತನೇ ದಿನವೇ ಕೊಟ್ಟಿದ್ದೀರಿ, ವಕೀಲರು ನಲವತ್ತನೇ ದಿನ ನೋಟಿಸ್ ಕಳಿಸಿದರು ಅಂದರೆ ಅದು ಅಭಿಪ್ರಾಯ ಭೇದ ಅಲ್ಲ, ನಿರ್ಲಕ್ಷ್ಯ.

ಮೂರನೇದು, ಮೋಸ. ಕೋರ್ಟ್ ಫೀ ಅಂತ ದುಡ್ಡು ಈಸ್ಕೊಂಡು ಕೇಸೇ ಹಾಕದಿರೋದು, ಎದುರು ಪಾರ್ಟಿ ಕೊಟ್ಟ ಹಣ ಇಟ್ಕೊಳ್ಳೋದು, ಸುಳ್ಳು ಆರ್ಡರ್ ತೋರಿಸೋದು.

ಯಾವ ಬಾಗಿಲು ತಟ್ಟಬೇಕು ಅನ್ನೋದು ನಿಮ್ಮ ದೂರು ಯಾವ ಡಬ್ಬಿಯದ್ದು ಅನ್ನೋದರ ಮೇಲೆ ನಿಂತಿದೆ.

ಮೊದಲ ಕೆಲಸ: ಕೇಸ್ ಎಬ್ಬಿಸೋದು

ವಕೀಲರು ಹಾಜರಾಗದೆ ನಿಮ್ಮ ದಾವೆ ವಜಾ ಆಗಿದ್ದರೆ, ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 9, ರೂಲ್ 9ರ ಕೆಳಗೆ ಅದನ್ನು ಮತ್ತೆ ತೆರೆಯಿರಿ ಅಂತ ಅರ್ಜಿ ಹಾಕಬಹುದು. ನಿಮ್ಮ ಮೇಲೆ ಯಾರೋ ಹಾಕಿದ ದಾವೆಯಲ್ಲಿ ನಿಮ್ಮ ಕಡೆ ಯಾರೂ ಇಲ್ಲದೆ ಏಕಪಕ್ಷೀಯ ಡಿಕ್ರಿ ಆಗಿದ್ದರೆ ರೂಲ್ 13. ಎರಡಕ್ಕೂ ಗಡುವು 30 ದಿನ. ಗೈರುಹಾಜರಿಯಿಂದ ಮೇಲ್ಮನವಿ ವಜಾ ಆಗಿದ್ದರೂ ಅಷ್ಟೇ. ಗಡುವು ಮೀರಿದ್ದರೆ ಲಿಮಿಟೇಶನ್ ಕಾಯ್ದೆಯ ಸೆಕ್ಷನ್ 5ರ ಕೆಳಗೆ ತಡವಾದ ಪ್ರತಿ ದಿನಕ್ಕೂ ಕಾರಣ ಹೇಳಿ ಮಾಫಿ ಕೇಳಬೇಕು.

ಇಲ್ಲಿ ಎಲ್ಲರೂ ಹೇಳೋ ಕಾರಣ ಒಂದೇ: "ವಕೀಲರು ಬರಲಿಲ್ಲ, ನನ್ನ ತಪ್ಪಿಲ್ಲ." ಇದು ನಡೆಯುತ್ತಾ? ಕೆಲವೊಮ್ಮೆ ನಡೆಯುತ್ತೆ, ಕೆಲವೊಮ್ಮೆ ಇಲ್ಲ. ಯಾವಾಗ ಅನ್ನೋದನ್ನ ಎರಡು ತೀರ್ಪು ಚೆನ್ನಾಗಿ ತೋರಿಸ್ತವೆ.

1981ರ ರಫೀಕ್ ಪ್ರಕರಣ. ಅಲಹಾಬಾದ್ ಹೈಕೋರ್ಟಿನಲ್ಲಿ ಒಬ್ಬ ಹಳ್ಳಿಗನ ಮೇಲ್ಮನವಿ. ವಕೀಲರು ಬರಲಿಲ್ಲ, ಕೇಸ್ ಹೋಯ್ತು. ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ವಕೀಲರನ್ನು ನೇಮಿಸಿ, ಫೀ ಕೊಟ್ಟು, ತನ್ನಿಂದ ಆಗೋದನ್ನೆಲ್ಲ ಮಾಡಿದ ಮನುಷ್ಯ ಹೈಕೋರ್ಟಿಗೆ ಬಂದು ವಕೀಲರನ್ನು ಕಾಯ್ತಾ ಕೂರೋಕಾಗುತ್ತಾ ಅನ್ನೋದು ಅದರ ಧಾಟಿ. ಖರ್ಚಿನ 200 ರೂಪಾಯಿಯನ್ನೂ ಗೈರಾದ ವಕೀಲರಿಂದಲೇ ವಸೂಲು ಮಾಡಿ ಎಂದಿತು.

1993ರ ಸಲಿಲ್ ದತ್ತ ಪ್ರಕರಣ. ಈ ಸಲ ವಕೀಲರ ಮೇಲೆ ತಪ್ಪು ಹಾಕಿದ್ದು ಕಲ್ಕತ್ತಾದ ಒಂದು ಖಾಸಗಿ ಕಂಪನಿ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಕೀಲರು ಕಕ್ಷಿದಾರನ ಏಜೆಂಟ್. ಏಜೆಂಟ್ ಮಾಡಿದ್ದಕ್ಕೆ ಸಾಮಾನ್ಯವಾಗಿ ಕಕ್ಷಿದಾರನೇ ಬದ್ಧ. ಅದೇ ಊರಲ್ಲಿ ಆಫೀಸ್ ಇಟ್ಟುಕೊಂಡ, ಓದಿದ, ವ್ಯವಹಾರ ಬಲ್ಲ ಜನ ಹಳ್ಳಿಗನಿಗೆ ಸಿಕ್ಕ ರಿಯಾಯಿತಿ ಕೇಳೋಕಾಗಲ್ಲ ಎಂದಿತು. 2024ರ ನವೆಂಬರಿನಲ್ಲಿ ರಜನೀಶ್ ಕುಮಾರ್ ಪ್ರಕರಣದಲ್ಲಿ ಇದೇ ಮಾತು ಇನ್ನೂ ಖಾರವಾಗಿ ಬಂತು. ವಕೀಲರು ನಿರ್ಲಕ್ಷ್ಯ ಮಾಡಿದರು ಅಂತಲೇ ಇಟ್ಟುಕೊಂಡರೂ, ದೀರ್ಘ ವಿಳಂಬಕ್ಕೆ ಅದೊಂದೇ ಕಾರಣ ಸಾಲದು. ತನ್ನ ಹಕ್ಕಿನ ಮೇಲೆ ತಾನೇ ಕಣ್ಣಿಡೋದು ಕಕ್ಷಿದಾರನ ಹೊಣೆ.

ಈಗ ನಮ್ಮನ್ನು ಅಳೆದು ನೋಡಿ. ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಇಟ್ಟುಕೊಳ್ಳಬಲ್ಲ, ಡ್ಯಾಶ್‌ಬೋರ್ಡ್ ನೋಡಿಯೇ ಸಂಬಳ ತಗೊಳ್ಳೋ ಎಂಜಿನಿಯರ್, ನ್ಯಾಯಾಧೀಶರ ಕಣ್ಣಿಗೆ ರಫೀಕ್ ಥರ ಕಾಣ್ತಾನಾ? ಕಲ್ಕತ್ತಾದ ಕಂಪನಿ ಥರ ಕಾಣೋ ಸಾಧ್ಯತೆಯೇ ಹೆಚ್ಚು. "ನೀವೇನು ಮಾಡ್ತಿದ್ರಿ?" ಅನ್ನೋ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಬೇಕು, ಅದು ಕಾಗದದ ಮೇಲಿರಬೇಕು.

ನಮ್ಮ ಮನೆಯ ಕೇಸಿನಲ್ಲಿ ಉಳಿಸಿದ್ದು ಇದೇ. ನಮ್ಮ ಕಾಕಾ ರಾಯಚೂರು ಜಿಲ್ಲೆಯ ಒಂದು ತಾಲೂಕಿನಲ್ಲಿ ನಾಲ್ಕು ಎಕರೆ ಹೊಲದ ಪಾಲಿಗೆ ದಾವೆ ಹಾಕಿದ್ದರು. ಆ್ಯಪಿನಲ್ಲಿ ಸೇವ್ ಮಾಡಿಟ್ಟ ಕೇಸನ್ನು ಒಂದು ರಾತ್ರಿ ನೋಡಿದಾಗ "ಡಿಸ್ಪೋಸ್ಡ್" ಅಂತ ಬಂತು. ವಜಾ ಆಗಿ ಹನ್ನೊಂದು ದಿನ ಆಗಿತ್ತು. ವಕೀಲರಿಗೆ ಫೋನ್ ಮಾಡಿದರೆ ಮುಂದಿನ ತಿಂಗಳು ವಾಯಿದೆ ಇದೆ ಎಂದರು. ನಾನು ಸಿಟ್ಟಿನಲ್ಲಿ ಬಾರ್ ಕೌನ್ಸಿಲಿಗೆ ದೂರು ಟೈಪ್ ಮಾಡೋಕೆ ಕೂತೆ. ಕಾಕಾ ಹೇಳಿದ್ದು ಇಷ್ಟೇ: "ತಮ್ಮಾ, ಮೊದಲ ಹೊಲ ಉಳೀಲಿ. ಅವರ ಸುದ್ದಿ ಆಮ್ಯಾಲ ನೋಡೂಣು."

ಹೊಸ ವಕೀಲರು ಕೇಳಿದ್ದು ಎರಡೇ. ವಾಯಿದೆ ದಿನ ನೀವು ಯಾಕೆ ಬರಲಿಲ್ಲ? ಅದಕ್ಕೆ ಪುರಾವೆ ಏನು? ಕಾಕಾ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪ್ರತಿ ವಾಯಿದೆಯ ತಾರೀಖು, ಕೊಟ್ಟ ಹಣ, ಬಸ್ಸಿನ ಖರ್ಚು ಎಲ್ಲ ಅದರಲ್ಲಿತ್ತು. ವಜಾ ಆಗೋಕೆ ಎರಡು ದಿನ ಮುಂಚೆ ವಾಟ್ಸಾಪಿನಲ್ಲಿ "ನಾನು ಬರಬೇಕೇನ್ರಿ ಸಾಹೇಬ್ರ?" ಅಂತ ಕೇಳಿದ್ದು, "ಬ್ಯಾಡ, ನಾನ ನೋಡ್ಕೋತೀನಿ" ಅಂತ ಉತ್ತರ ಬಂದಿದ್ದು ಎರಡೂ ಇದ್ದವು. ಅಫಿಡವಿಟ್ಟಿಗೆ ಅದನ್ನೇ ಸೇರಿಸಿದರು. ಅರ್ಜಿ 30 ದಿನದೊಳಗೆ ಹೋಯ್ತು. ಸ್ವಲ್ಪ ಖರ್ಚು ಹಾಕಿ ಕೋರ್ಟ್ ಕೇಸನ್ನು ಮತ್ತೆ ತೆರೆಯಿತು. ದೂರು ಇವತ್ತಿಗೂ ನನ್ನ ಲ್ಯಾಪ್‌ಟಾಪಿನ ಡ್ರಾಫ್ಟಿನಲ್ಲೇ ಇದೆ. ಕೊಡಬೇಕೋ ಬೇಡವೋ ಅನ್ನೋದು ಕಾಕಾಗೆ ಬಿಟ್ಟದ್ದು.

ವಕೀಲರನ್ನು ಬದಲಿಸೋದು, ಫೈಲ್ ವಾಪಸ್ ತಗೊಳ್ಳೋದು

ಯಾವಾಗ ಬೇಕಾದರೂ ವಕೀಲರನ್ನು ಬದಲಿಸೋ ಹಕ್ಕು ನಿಮ್ಮದು. ಆದರೆ ನೀವು ಸಹಿ ಹಾಕಿ ಕೊಟ್ಟ ವಕಾಲತ್ತು ಕೋರ್ಟಿನ ಅನುಮತಿಯಿಂದ ರದ್ದಾಗೋ ತನಕ ಜಾರಿಯಲ್ಲಿರುತ್ತೆ. ಸಾಮಾನ್ಯವಾಗಿ ಹಳೇ ವಕೀಲರು ಎನ್‌ಒಸಿ ಕೊಡ್ತಾರೆ, ಹೊಸಬರು ವಕಾಲತ್ತು ಹಾಕ್ತಾರೆ. ಎನ್‌ಒಸಿ ಕೊಡಲ್ಲ ಅಂದರೆ ಹೊಸ ವಕೀಲರು ಕಾರಣ ಬರೆದು ಕೋರ್ಟಿನ ಅನುಮತಿ ಕೇಳಬಹುದು. ಎನ್‌ಒಸಿ ಸಿಗಲಿಲ್ಲ ಅಂತ 30 ದಿನ ಕಳೆದುಕೊಳ್ಳಬೇಡಿ.

"ಬಾಕಿ ಫೀ ಕೊಡು, ಫೈಲ್ ತಗೊಂಡು ಹೋಗು" ಅಂತ ಹೇಳಿದರೆ? ಇದಕ್ಕೆ 2000ದಲ್ಲೇ ಉತ್ತರ ಬಂದಿದೆ. ಮಧ್ಯಪ್ರದೇಶದ ಸಹಕಾರಿ ಬ್ಯಾಂಕ್ ಒಂದರ ವಕೀಲರು 97,100 ರೂಪಾಯಿ ಫೀ ಬಾಕಿ ಇದೆ ಅಂತ ಫೈಲುಗಳನ್ನು ಹಿಡಿದಿಟ್ಟುಕೊಂಡಿದ್ದರು. ಆರ್.ಡಿ. ಸಕ್ಸೇನಾ ಪ್ರಕರಣ ಅಂತ ಅದರ ಹೆಸರು. ಕೇಸಿನ ಕಾಗದ ಅಂಗಡಿಯಲ್ಲಿ ಒತ್ತೆ ಇಡೋ ಸಾಮಾನಲ್ಲ, ಫೀಗಾಗಿ ಅದನ್ನು ತಡೆಹಿಡಿಯೋ ಹಕ್ಕು ವಕೀಲರಿಗಿಲ್ಲ, ಕೊಡದಿದ್ದರೆ ಅದು ವೃತ್ತಿ ದುರ್ನಡತೆ ಅನ್ನೋದು ಸುಪ್ರೀಂ ಕೋರ್ಟಿನ ನಿಲುವು. ಫೀ ನಿಜವಾಗಿ ಬಾಕಿ ಇದ್ದರೆ ಅದನ್ನು ಬೇರೆ ದಾರಿಯಲ್ಲಿ ವಸೂಲು ಮಾಡಿಕೊಳ್ಳಲಿ. ಒಂದು ಪಕ್ಷ ಫೈಲ್ ಸಿಗಲೇ ಇಲ್ಲ ಅಂದರೂ ಕೋರ್ಟಿನಿಂದ ದೃಢೀಕೃತ ನಕಲು ತಗೊಂಡು ಕೆಲಸ ಮುಂದುವರಿಸಬಹುದು.

ಗ್ರಾಹಕ ಕೋರ್ಟಿನ ಬಾಗಿಲು ಮುಚ್ಚಿದೆ

ಹಳೇ ವಿಡಿಯೊಗಳು, ವಾಟ್ಸಾಪ್ ಫಾರ್ವರ್ಡುಗಳು ಈಗಲೂ "ಗ್ರಾಹಕರ ವೇದಿಕೆಗೆ ಹೋಗಿ" ಅಂತ ಹೇಳ್ತವೆ. ಅದು ಈಗ ತಪ್ಪು ಸಲಹೆ.

ಇದರ ಕಥೆ ದೆಹಲಿಯ ಒಂದು 20,000 ರೂಪಾಯಿಯ ಚೆಕ್ಕಿನಿಂದ ಶುರುವಾಯ್ತು. ಡಿ.ಕೆ. ಗಾಂಧಿ ಅನ್ನೋರು ಚೆಕ್ ಬೌನ್ಸ್ ಕೇಸಿಗೆ ವಕೀಲರನ್ನು ಇಟ್ಟುಕೊಂಡರು. ಎದುರು ಪಾರ್ಟಿ ಕೊಟ್ಟ ಹಣ ತನಗೆ ತಲುಪಿಸದೆ ವಕೀಲರು ಫೀ ವಿಚಾರ ತೆಗೆದರು ಅನ್ನೋದು ಅವರ ದೂರು. 2007ರ ಆಗಸ್ಟಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಕೀಲರ ಸೇವೆಯೂ ಗ್ರಾಹಕ ಕಾಯ್ದೆಗೆ ಬರುತ್ತೆ ಅಂತ ಹೇಳಿತು. ವಕೀಲರ ಸಂಘಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಮೇ 14ರಂದು ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಬಾರದು ಅಂತ ತೀರ್ಪು ಕೊಟ್ಟಿತು.

ಕೊಟ್ಟ ಕಾರಣ ಮುಖ್ಯ. ವಕೀಲರ ಕೆಲಸದ ಮೇಲೆ ಕಕ್ಷಿದಾರನಿಗೆ ನೇರ ನಿಯಂತ್ರಣ ಇರುತ್ತೆ; ಅವನ ಸೂಚನೆ ಇಲ್ಲದೆ ವಕೀಲರು ರಾಜಿ ಮಾಡಿಕೊಳ್ಳೋ ಹಾಗಿಲ್ಲ, ಬಿಟ್ಟುಕೊಡೋ ಹಾಗಿಲ್ಲ. ಹಾಗಾಗಿ ಇದು ವೈಯಕ್ತಿಕ ಸೇವೆಯ ಒಪ್ಪಂದ, ಅದು ಗ್ರಾಹಕ ಕಾಯ್ದೆಯ ಹೊರಗೆ. ಓದಿದಾಗ ನನಗೆ ನಗು ಬಂತು. ನಮ್ಮಲ್ಲಿ ಎಷ್ಟು ಜನ ವಕೀಲರನ್ನು "ನಿಯಂತ್ರಿಸ್ತಾರೆ"? ವಕೀಲರ ಆಫೀಸಿನ ಬೆಂಚಿನ ಮೇಲೆ ಒಂದು ಗಂಟೆ ಕೂತು, ಎರಡು ನಿಮಿಷ ಮಾತಾಡಿಸಿದರೆ ಸಾಕು ಅಂತ ಕೈ ಮುಗಿದು ಬರ್ತೀವಿ. ಆದರೆ ಈಗ ಇದು ಕಾನೂನು. ನಿಯಂತ್ರಣ ನಿಮ್ಮದು ಅಂತ ದೇಶದ ದೊಡ್ಡ ಕೋರ್ಟೇ ಹೇಳಿದ ಮೇಲೆ, ಅದನ್ನು ಬಳಸೋದು ನಮ್ಮ ಕೆಲಸ.

ಬಿಲ್ಡರ್ ಮೇಲೆ, ಬ್ಯಾಂಕ್ ಮೇಲೆ ಗ್ರಾಹಕ ಆಯೋಗಕ್ಕೆ ಹೋಗೋ ದಾರಿ ಮೊದಲಿನ ಹಾಗೇ ಇದೆ. ಮುಚ್ಚಿದ್ದು ವಕೀಲರ ವಿಷಯದಲ್ಲಿ ಮಾತ್ರ.

ಬಾರ್ ಕೌನ್ಸಿಲ್: ಶಿಕ್ಷೆ ಸಿಗುತ್ತೆ, ದುಡ್ಡಲ್ಲ

1961ರ ಅಡ್ವೊಕೇಟ್ಸ್ ಕಾಯ್ದೆಯ ಸೆಕ್ಷನ್ 35ರ ಕೆಳಗೆ ರಾಜ್ಯ ಬಾರ್ ಕೌನ್ಸಿಲಿಗೆ ದೂರು ಕೊಡಬಹುದು. ಇಲ್ಲಿ ವಲಸಿಗರು ಎಡವೋದು ಒಂದು ಕಡೆ: ಯಾವ ರಾಜ್ಯದ್ದು? ನೀವಿರೋ ರಾಜ್ಯದ್ದಲ್ಲ, ವಕೀಲರು ನೋಂದಣಿ ಆಗಿರೋ ರಾಜ್ಯದ್ದು. ವಕಾಲತ್ತಿನ ಮೇಲೆ ಅವರ ನೋಂದಣಿ ಸಂಖ್ಯೆ ಇರುತ್ತೆ. ಅದು ಕೆಎಆರ್ ಅಂತ ಶುರುವಾದರೆ ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿರೋ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ತೆಲಂಗಾಣದಲ್ಲಿ ನೋಂದಣಿ ಆಗಿದ್ದರೆ ಹೈದರಾಬಾದಿನ ಹೈಕೋರ್ಟ್ ಆವರಣದಲ್ಲಿರೋ ತೆಲಂಗಾಣ ಬಾರ್ ಕೌನ್ಸಿಲ್.

ದೂರು ಅರ್ಜಿಯ ರೂಪದಲ್ಲಿರಬೇಕು, ಸಹಿ ಮತ್ತು ಸತ್ಯಾಪನೆ ಇರಬೇಕು, ನಿಗದಿತ ಶುಲ್ಕ ಕಟ್ಟಬೇಕು. ರಾಜ್ಯಭಾಷೆಯಲ್ಲೂ ಕೊಡಬಹುದು, ಊರಲ್ಲಿರೋ ಅಪ್ಪ ಅಮ್ಮ ಕನ್ನಡದಲ್ಲೇ ಬರೆಯಬಹುದು. ದೂರಿನಲ್ಲಿ ಹುರುಳಿದೆ ಅನಿಸಿದರೆ ಕೌನ್ಸಿಲ್ ಅದನ್ನು ಮೂವರ ಶಿಸ್ತು ಸಮಿತಿಗೆ ಒಪ್ಪಿಸುತ್ತೆ. ಸಾಕ್ಷಿಗಳನ್ನು ಕರೆಸೋಕೆ, ದಾಖಲೆ ತರಿಸೋಕೆ ಈ ಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ದೂರನ್ನು ವಜಾ ಮಾಡಬಹುದು, ವಕೀಲರಿಗೆ ಛೀಮಾರಿ ಹಾಕಬಹುದು, ಕೆಲವು ಕಾಲ ವಕೀಲಿ ಮಾಡದ ಹಾಗೆ ಅಮಾನತು ಮಾಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ತೀರ್ಪು ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ, ಅಲ್ಲಿಂದ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಹೋಗಬಹುದು.

ದೂರನ್ನು ಒಂದು ವರ್ಷದೊಳಗೆ ಮುಗಿಸಬೇಕು ಅಂತ ಸೆಕ್ಷನ್ 36ಬಿ ಹೇಳುತ್ತೆ. ಮುಗಿಯದಿದ್ದರೆ ಅದು ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ವರ್ಗ ಆಗುತ್ತೆ. ಈ ಗಡುವನ್ನು ಪಾಲಿಸಿ ಅಂತ 2021ರ ಡಿಸೆಂಬರಿನಲ್ಲಿ ಕೆ. ಆಂಜಿನಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನೆನಪಿಸಬೇಕಾಯ್ತು. ಅಂದರೆ ತಾಳ್ಮೆ ಇಟ್ಟುಕೊಂಡೇ ಹೋಗಿ.

ಇನ್ನೊಂದು ಮಿತಿ ಇದೆ. ಎಲ್ಲ ನಿರ್ಲಕ್ಷ್ಯವೂ ದುರ್ನಡತೆ ಅಲ್ಲ. ಬರೀ ಅಜಾಗ್ರತೆ ಅಥವಾ ಒಳ್ಳೇ ಮನಸ್ಸಿನಿಂದ ಆದ ತಪ್ಪು ನಿರ್ಧಾರ ಸಾಲದು, ಘೋರ ನಿರ್ಲಕ್ಷ್ಯ ಇದ್ದರೆ ಲೆಕ್ಕ ಬೇರೆ ಅಂತ 1963ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮೊದಲ ಡಬ್ಬಿಯ ದೂರು ಇಲ್ಲಿ ನಿಲ್ಲಲ್ಲ. ಎರಡನೇದು ಕೆಲವೊಮ್ಮೆ ನಿಲ್ಲುತ್ತೆ. ಮೂರನೇದಕ್ಕೆ ಇದು ಸರಿಯಾದ ಜಾಗ.

ಒಂದು ಉದಾಹರಣೆ. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ರಂಗದೊರೈ ಪ್ರಕರಣ. ಮದ್ರಾಸಿನ ಕಡೆಯ ಒಬ್ಬ ಕಿವುಡ ಮುದುಕ 15,000 ಮತ್ತು 5,000 ರೂಪಾಯಿಯ ಎರಡು ಪ್ರಾಮಿಸರಿ ನೋಟುಗಳನ್ನು ವಕೀಲರ ಕೈಗೆ ಕೊಟ್ಟಿದ್ದ. ದಾವೆ ಹಾಕಿದ್ದೇನೆ, ವಾಯಿದೆ ನಡೀತಿದೆ, ಡಿಕ್ರಿಯೂ ಆಯ್ತು ಅಂತ ವಕೀಲರು ನಂಬಿಸುತ್ತಲೇ ಹೋದರು. ದಾವೆ ನಡೆಯುತ್ತಲೇ ಇರಲಿಲ್ಲ. ರಾಜ್ಯ ಕೌನ್ಸಿಲ್ ಆರು ವರ್ಷ ಅಮಾನತು ಮಾಡಿತು, ಮೇಲಿನ ಕೌನ್ಸಿಲ್ ಅದನ್ನು ಒಂದು ವರ್ಷಕ್ಕೆ ಇಳಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ 2,500 ರೂಪಾಯಿ ಕೊಡಿಸಿ, ಬಡವರ ಕೇಸುಗಳನ್ನು ಉಚಿತವಾಗಿ ನಡೆಸೋ ಕೆಲಸಕ್ಕೂ ಹಚ್ಚಿತು. ಇಂಥ ಹಣ ಕೊಡಿಸಿದ್ದು ಅಪರೂಪ. ಆದರೆ ಯೋಚಿಸಿ: ಆ ಮುದುಕನಿಗೆ ಕೋರ್ಟಿಗೆ ಹೋಗಿ ಕೇಳದೆ ಸುಳ್ಳು ಹಿಡಿಯೋ ದಾರಿ ಇರಲಿಲ್ಲ. ಇವತ್ತು ಪ್ರತಿ ಕೇಸಿಗೂ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತೆ. ಅದನ್ನು ಆ್ಯಪಿನಲ್ಲಿ ಹಾಕಿದರೆ ಎರಡು ನಿಮಿಷದಲ್ಲಿ ನಿಜ ಗೊತ್ತಾಗುತ್ತೆ.

ನಷ್ಟ ತುಂಬಿಸಿಕೊಳ್ಳೋಕೆ ಸಿವಿಲ್ ಕೋರ್ಟ್

ಕಳೆದುಕೊಂಡ ದುಡ್ಡು ಬೇಕು ಅಂದರೆ ದಾರಿ ಸಿವಿಲ್ ದಾವೆ. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರುಗಳು ಕೋರ್ಟಿನಲ್ಲಿ ಮಾಡಿದ ಕೆಲಸಕ್ಕೆ ಅವರ ಮೇಲೆ ದಾವೆ ಹಾಕೋ ಹಾಗೇ ಇರಲಿಲ್ಲ. ಆ ರಕ್ಷಣೆ ಹೋಗಿದ್ದು 2000ದಲ್ಲಿ. ನಮ್ಮಲ್ಲಿ ಏಜೆಂಟ್ ತಕ್ಕ ಕೌಶಲ, ಎಚ್ಚರದಿಂದ ಕೆಲಸ ಮಾಡಬೇಕು, ನಿರ್ಲಕ್ಷ್ಯದಿಂದ ನೇರವಾಗಿ ಆದ ನಷ್ಟ ತುಂಬಿಕೊಡಬೇಕು ಅಂತ ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 212 ಹೇಳುತ್ತೆ. ಸಾಮಾನ್ಯವಾಗಿ ಕಾಲಮಿತಿ ಮೂರು ವರ್ಷ.

ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ಇದೆ, 1988ರ ಎಂ. ವೀರಪ್ಪ ವಿರುದ್ಧ ಎವೆಲಿನ್ ಸಿಕ್ವೇರಾ. ವಕೀಲರ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳಿ ದಾವೆ ಹಾಕಿದ ಕಕ್ಷಿದಾರರು ನಡುವೆಯೇ ತೀರಿಕೊಂಡರು. ದಾವೆ ಅಲ್ಲಿಗೆ ಮುಗೀತಾ, ವಾರಸುದಾರರು ಮುಂದುವರಿಸಬಹುದಾ? ಕೋರ್ಟ್ ಹೇಳಿದ್ದು: ಬೇಡಿಕೆ ಒಪ್ಪಂದ ಮುರಿದಿದ್ದರ ಮೇಲೆ ನಿಂತಿರೋ ಮಟ್ಟಿಗೆ ದಾವೆ ಉಳಿಯುತ್ತೆ, ಬರೀ ವೈಯಕ್ತಿಕ ಹಾನಿ, ಮನೋವೇದನೆಯ ಮೇಲೆ ನಿಂತಿದ್ದರೆ ಆ ವ್ಯಕ್ತಿಯ ಜತೆಗೇ ಹೋಗುತ್ತೆ. ನಮ್ಮಂಥವರಿಗೆ ಇದು ದೊಡ್ಡ ಪಾಠ. ಊರಿನ ಕೇಸಿನಲ್ಲಿ ಕಕ್ಷಿದಾರರು ಎಪ್ಪತ್ತು ದಾಟಿದ ಅಪ್ಪನೋ ಅಮ್ಮನೋ ಆಗಿರ್ತಾರೆ. ಫೀ ಎಷ್ಟು, ಕೆಲಸ ಏನು ಅನ್ನೋ ಒಪ್ಪಂದ ಬರಹದಲ್ಲಿದ್ದರೆ, ಹಣ ಕೊಟ್ಟ ರಸೀದಿ ಇದ್ದರೆ ಆ ಹಕ್ಕು ಮಕ್ಕಳಿಗೂ ಬರುತ್ತೆ.

ಕಷ್ಟ ಎಲ್ಲಿದೆ ಅಂದರೆ, ವಕೀಲರು ತಪ್ಪು ಮಾಡಿದರು ಅಂತ ತೋರಿಸಿದರೆ ಸಾಲದು. ಆ ತಪ್ಪಿನಿಂದಲೇ ನಿಮಗೆ ಇಷ್ಟು ನಷ್ಟ ಆಯ್ತು ಅಂತಲೂ ತೋರಿಸಬೇಕು. ಚೆಕ್ ಕೇಸಿನ ಗಡುವು ತಪ್ಪಿತು ಸರಿ, ಆದರೆ ಸಾಲದ ಪತ್ರವೇ ಇಲ್ಲದಿದ್ದರೆ ಆ ಕೇಸ್ ಹೇಗೂ ಸೋಲುತ್ತಿತ್ತು ಅಂತ ಅವರು ವಾದಿಸ್ತಾರೆ. ದಾವೆ ಹಾಕಬೇಕಿರೋದು ಸಾಮಾನ್ಯವಾಗಿ ವಕೀಲರಿರೋ ಊರಲ್ಲೇ. ಅಲ್ಲಿನ ಬಾರಿನಲ್ಲಿ ಸಹೋದ್ಯೋಗಿಯ ಮೇಲೆ ಕೇಸ್ ನಡೆಸೋರು ಸುಲಭಕ್ಕೆ ಸಿಗಲ್ಲ. ಜಿಲ್ಲಾ ಕೇಂದ್ರದಿಂದ ಕರೆತರಬೇಕಾಗಬಹುದು. ಕೋರ್ಟ್ ಫೀಯೂ ಸೇರಿಸಿ ಲೆಕ್ಕ ಹಾಕಿ. ನಷ್ಟ ದೊಡ್ಡದು, ಕಾಗದ ಗಟ್ಟಿ ಇದೆ ಅಂದರೆ ಮಾತ್ರ ಈ ದಾರಿ.

ಪೊಲೀಸ್ ಠಾಣೆ, ಮತ್ತು ಹೋಮ್ ಲೋನ್ ತಗೊಂಡವರಿಗೆ ಒಂದು ಮಾತು

ಮೂರನೇ ಡಬ್ಬಿಗೆ ಮಾತ್ರ ಪೊಲೀಸ್. ನಂಬಿಕೆ ದ್ರೋಹ, ವಂಚನೆ, ನಕಲಿ ದಾಖಲೆ. ಬರೀ ನಿರ್ಲಕ್ಷ್ಯಕ್ಕೆ ಕ್ರಿಮಿನಲ್ ಕೇಸ್ ನಿಲ್ಲಲ್ಲ ಅಂತ ಹೇಳಿದ ದೊಡ್ಡ ತೀರ್ಪು ಹುಟ್ಟಿದ್ದು ಇದೇ ಹೈದರಾಬಾದಿನಲ್ಲಿ, ಅದೂ 1931ರಲ್ಲಿ ಮಂಗಳೂರಿನಲ್ಲಿ ಶುರುವಾದ ವಿಜಯಾ ಬ್ಯಾಂಕಿನ ವಿಷಯದಲ್ಲಿ. ನಾರಾಯಣಗುಡ ಶಾಖೆಯಲ್ಲಿ ನಿಯಮ ಮೀರಿ 22 ಜನರಿಗೆ ಗೃಹಸಾಲ ಕೊಟ್ಟು ಬ್ಯಾಂಕಿಗೆ 1.27 ಕೋಟಿ ರೂಪಾಯಿ ನಷ್ಟ ಮಾಡಿದರು ಅಂತ ಸಿಬಿಐ 2005ರಲ್ಲಿ ಕೇಸ್ ಹಾಕಿತು. ಆಸ್ತಿ ಪತ್ರ ನೋಡಿ ಅಭಿಪ್ರಾಯ ಕೊಟ್ಟ ಪ್ಯಾನೆಲ್ ವಕೀಲ ಕೆ. ನಾರಾಯಣ ರಾವ್ ಅವರನ್ನೂ ಆರೋಪಿ ಮಾಡಿತು. ಹೈಕೋರ್ಟ್ ಅವರ ಮೇಲಿನ ಕೇಸನ್ನು ರದ್ದು ಮಾಡಿತು, 2012ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಂಚಿನಲ್ಲಿ ಕೈ ಇದ್ದರೆ ಮಾತ್ರ ಅಪರಾಧ. ಅಭಿಪ್ರಾಯ ತಪ್ಪಾಗಿತ್ತು ಅನ್ನೋದಕ್ಕೆ ಹೆಚ್ಚೆಂದರೆ ಘೋರ ನಿರ್ಲಕ್ಷ್ಯ ಅಥವಾ ದುರ್ನಡತೆಯ ಕ್ರಮ.

ಇದರಿಂದ ಇಲ್ಲಿ ಫ್ಲಾಟ್ ಕೊಳ್ಳೋರು ಕಲಿಯಬೇಕಾದ್ದು ಬೇರೆ. "ಬ್ಯಾಂಕಿನ ಲೀಗಲ್ ಆಗಿದೆ, ಟೈಟಲ್ ಕ್ಲಿಯರ್" ಅಂತ ನಂಬಿ ಸಹಿ ಹಾಕ್ತೀವಿ. ಆದರೆ ಆ ಪ್ಯಾನೆಲ್ ವಕೀಲರ ಕಕ್ಷಿದಾರ ಬ್ಯಾಂಕ್, ನೀವಲ್ಲ. ಪ್ರೊಸೆಸಿಂಗ್ ಫೀ ಜತೆ ಲೀಗಲ್ ಫೀಯನ್ನು ನೀವೇ ಕಟ್ಟಿದ್ದರೂ ಅವರು ನೋಡೋದು ಬ್ಯಾಂಕಿನ ಸಾಲ ಭದ್ರವಾಗಿದೆಯಾ ಅಂತ. ಇಲ್ಲಿನ ಜಮೀನಿನ ಮೂಲ ಹುಡುಕಿದರೆ 1954–55ರ ಖಾಸ್ರಾ ಪಹಣಿವರೆಗೆ ಹೋಗುತ್ತೆ, ಹಳೇ ಕಾಗದಗಳು ಉರ್ದುವಿನಲ್ಲಿರ್ತವೆ. ತೆಲುಗು ಲಿಪಿಯನ್ನಾದರೂ ತಡವರಿಸಿ ಓದ್ತೀವಿ, ಉರ್ದು ಹೇಗೆ? ನಿಮ್ಮದೇ ವಕೀಲರನ್ನು ಇಟ್ಟುಕೊಂಡು, ಯಾವ ಯಾವ ಕಾಗದ ನೋಡಿದ್ದೀನಿ ಅನ್ನೋ ಪಟ್ಟಿಯೊಂದಿಗೆ ಸಹಿ ಮಾಡಿದ ಅಭಿಪ್ರಾಯ ತಗೊಳ್ಳಿ. ನಾಳೆ ಏನಾದರೂ ಆದರೆ ಕೇಳೋ ಹಕ್ಕು ಆ ಕಾಗದದಿಂದಲೇ.

ಇವತ್ತೇ ಮಾಡಬಹುದಾದ ಕೆಲಸಗಳು

ನಿಮ್ಮ ಮನೆಯ ಪ್ರತಿ ಕೇಸಿನ ಸಿಎನ್‌ಆರ್ ಸಂಖ್ಯೆ ಪಡೆದು ಆ್ಯಪಿನಲ್ಲಿ ಸೇವ್ ಮಾಡಿ. ವಾರಕ್ಕೊಮ್ಮೆ ನೋಡೋಕೆ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಿ.

ವಾಯಿದೆಗೆ ಎರಡು ದಿನ ಮುಂಚೆ ಒಂದು ಸಂದೇಶ ಕಳಿಸಿ: "ಸರ್, ಗುರುವಾರ ನಮ್ಮ ಕೇಸ್ ಇದೆ. ನಾವು ಬರಬೇಕಾ? ಯಾವುದಾದರೂ ಕಾಗದ ಬೇಕಾ?" ಮರ್ಯಾದೆಯಿಂದ ಕೇಳಿದರೆ ಒಳ್ಳೇ ವಕೀಲರು ಬೇಜಾರು ಮಾಡಿಕೊಳ್ಳಲ್ಲ. ನೂರಾರು ಕೇಸುಗಳ ನಡುವೆ ಅವರಿಗೂ ಅದು ನೆನಪೋಲೆ.

ಫೀ ಯುಪಿಐ ಇಲ್ಲವೇ ಬ್ಯಾಂಕಿನಿಂದಲೇ ಕೊಡಿ, ಯಾವುದಕ್ಕೆ ಅಂತ ಬರೆಯಿರಿ. "ಗೆದ್ದರೆ ಇಷ್ಟು ಪರ್ಸೆಂಟ್" ಅನ್ನೋ ಒಪ್ಪಂದಕ್ಕೆ ಹೋಗಬೇಡಿ, ಬಾರ್ ಕೌನ್ಸಿಲ್ ನಿಯಮಗಳು ಅದನ್ನು ನಿಷೇಧಿಸ್ತವೆ.

ವಾಟ್ಸಾಪ್ ಮಾತುಕತೆ ಅಳಿಸಬೇಡಿ, ಫೋನ್ ಬದಲಿಸುವಾಗ ಬ್ಯಾಕಪ್ ಇರಲಿ. ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಹ್ಯಾಶ್ ವ್ಯಾಲ್ಯೂ ಕೇಳ್ತಾರೆ. ಅದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ವಕೀಲರಿಗೆ ಕೊಡೋ ಖರ್ಚಿಲ್ಲದ ಬಂಧುಗಳಿದ್ದರೆ 15100ಕ್ಕೆ ಫೋನ್ ಮಾಡಿಸಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ.

ಇಷ್ಟಾದ ಮೇಲೂ ಅನುಮಾನ ಬಂದರೆ, ದೂರಿಗಿಂತ ಮೊದಲು ವಕೀಲರನ್ನೇ ಒಮ್ಮೆ ನೇರವಾಗಿ ಕೇಳಿ. ಎಷ್ಟೋ ಸಲ ಜೂನಿಯರ್ ಹೇಳೋಕೆ ಮರೆತಿರ್ತಾನೆ, ವಾಯಿದೆ ಮುಂದಕ್ಕೆ ಹೋಗಿರುತ್ತೆ, ಅಷ್ಟೇ. ಉತ್ತರ ಬರಲಿಲ್ಲ, ಬಂದ ಉತ್ತರ ಆ್ಯಪಿಗೆ ತಾಳೆ ಆಗಲಿಲ್ಲ ಅಂದರೆ ಅವತ್ತೇ ಇನ್ನೊಬ್ಬ ವಕೀಲರ ಹತ್ತಿರ ಹೋಗಿ. ಆರ್ಡರಿನ ತಾರೀಖು ನೋಡಿ, 30 ದಿನ ಎಣಿಸಿ, ಅರ್ಜಿ ಒಳಗೆ ಹೋಗಲಿ. ದೂರು ಬರೆಯೋ ಕೆಲಸ ಮೂವತ್ತೊಂದನೇ ದಿನ ಶುರುವಾದರೂ ಏನೂ ನಷ್ಟ ಇಲ್ಲ.

ಊರಲ್ಲಿ ಕೇಸ್ ಇರೋ ನಿಮ್ಮ ಗೆಳೆಯರಿಗೂ ಇದನ್ನು ಕಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.